ಹದಿನಾರೂವರೆ ಕಿಲೋ ಹಗುರ

ಮನುಷ್ಯನಾದವನು ಬದುಕಿನಲ್ಲಿ ಒಂದೇ ಒಂದು ವಸ್ತುವನ್ನಾದರೂ ಶಾಸ್ತ್ರೋಕ್ತವಾಗಿ ಆರಿಸಬೇಕು ಎಂಬುದು ನನ್ನ ಸಿದ್ಧಾಂತ. ಹೆಂಡತಿಯನ್ನು ಹಾಗೆ ಆರಿಸಲಾಗಲಿಲ್ಲ. ಅವಳೇ ನನ್ನನ್ನು ಆರಿಸಿಬಿಟ್ಟಳು. ಮನೆಯನ್ನೂ ಹಾಗೆ ಆರಿಸಲಾಗಲಿಲ್ಲ. ಆಗ ಊರಲ್ಲಿ ಖಾಲಿ ಇದ್ದದ್ದು ಅದೊಂದೇ. ಆದ್ದರಿಂದ ಫೆಬ್ರುವರಿಯ ಒಂದು ಭಾನುವಾರ ಬೆಳಗ್ಗೆ ಅಡುಗೆಮನೆಯಲ್ಲಿ ಎದ್ದು ನಿಂತು, ಬೆಣ್ಣೆ ಸವರಿದ ಬ್ರೆಡ್ಡನ್ನು ರಾಜದಂಡದಂತೆ ಎತ್ತಿ ಹಿಡಿದು ಘೋಷಿಸಿದೆ:

"ರೋಸ್ವಿತಾ! ಏಪ್ರಿಲ್ ಒಂದರಿಂದ ಕಾರು ನಿಂದು. ನಾನು ಆಫೀಸಿಗೆ ಸೈಕಲ್ಲಲ್ಲಿ ಹೋಗ್ತೀನಿ!"

"ಏಪ್ರಿಲ್ ಒಂದು ಅಂತ ತಾರೀಖು ನೀನೇ ಹೇಳಿದ್ದು ಒಳ್ಳೇದಾಯ್ತು, ಫೋಲ್ಕ್‌ಮಾರ್," ಎಂದಳು ಹೆಂಡತಿ, ಮೊಟ್ಟೆ ಸುಲಿಯುತ್ತಾ.

"ನನ್ನನ್ನ ಅಷ್ಟು ಹಗುರವಾಗಿ ಕಾಣಬೇಡ!"

"ಕಾಣೋದು ಹೇಗಪ್ಪಾ? ನೂರಾ ನಾಲ್ಕು ಕಿಲೋ ಇದೀಯ!"

ನಗಬೇಡಿ. ವಿಷಯ ಗಂಭೀರವಾಗಿತ್ತು. ರೋಸ್ವಿತಾ ಹತ್ತೊಂಬತ್ತು ವರ್ಷ ಒಂದು ಶಾಲೆಯ ಅಡುಗೆಮನೆಯಲ್ಲಿ ಬೇರೆಯವರು ಹೇಳಿದಷ್ಟು ಉಪ್ಪು ಹಾಕಿಕೊಂಡು ಬಂದವಳು. ಮೂರನೇ ಸಲ ಅರ್ಜಿ ಹಾಕಿದ ಮೇಲೆ ಈಗ ಆಸ್ಪತ್ರೆಯೊಂದರಲ್ಲಿ ಮುಖ್ಯ ಅಡುಗೆಯವಳ ಕೆಲಸ ಸಿಕ್ಕಿತ್ತು. ಆ ಕಾಗದವನ್ನು ಫ್ರಿಜ್ಜಿನ ಮೇಲೆ ಅಂಟಿಸಿ, ಹಾಲು ತೆಗೆಯುವಾಗೊಮ್ಮೆ, ಹಾಲು ಇಡುವಾಗೊಮ್ಮೆ ಓದುತ್ತಿದ್ದಳು. ಆಸ್ಪತ್ರೆ ಊರಿನ ಉತ್ತರಕ್ಕೆ, ಅವಳು ಬೆಳಗ್ಗೆ ಆರಕ್ಕೆ ಅಲ್ಲಿರಬೇಕು. ನನ್ನ ಆಫೀಸು ದಕ್ಷಿಣಕ್ಕೆ, ನಾನು ಏಳಕ್ಕೆ ಅಲ್ಲಿರಬೇಕು. ಕಾರು ಒಂದೇ. ಇಷ್ಟು ವರ್ಷ ನನ್ನನ್ನು ಇಳಿಸಿ ಅವಳು ಮುಂದೆ ಹೋಗುತ್ತಿದ್ದಳು. ಬಸ್ಸಿದೆ; ಆದರೆ ಕಣಿವೆಯ ಸೇತುವೆ ಒಡೆದು ಕಟ್ಟುತ್ತಿರುವುದರಿಂದ ಅದು ಸುತ್ತಿ ಬಳಸಿ ನನ್ನನ್ನು ಎಂಟಕ್ಕೆ ತಲುಪಿಸುತ್ತದೆ. ನಗರದ ಕಸದ ಗಾಡಿಗಳ ವೇಳಾಪಟ್ಟಿ ನೋಡಿಕೊಳ್ಳುವವನು ನಾನು. "ನಮ್ಮ ಕಸದ ಡಬ್ಬಿ ಇನ್ನೂ ಖಾಲಿಯಾಗಿಲ್ಲ" ಎಂದು ಜನ ಬೈಯಲು ಶುರುಮಾಡುವುದೇ ಏಳಕ್ಕೆ. ಬೈಸಿಕೊಳ್ಳಲು ಒಬ್ಬರಾದರೂ ಇರಬೇಡವೆ?

ಮನೆಯಿಂದ ಆಫೀಸಿಗೆ ಒಂಬತ್ತು ಕಿಲೋಮೀಟರ್. ನಮ್ಮೂರು ಜೀಗನ್. ನಮ್ಮ ಜರ್ಮನ್ ಭಾಷೆಯಲ್ಲಿ ಆ ಪದಕ್ಕೆ 'ಗೆಲ್ಲು' ಎಂದರ್ಥ. ಹಾಗೆ ಹೆಸರಿಟ್ಟ ಪುಣ್ಯಾತ್ಮ ಇಲ್ಲಿ ಸೈಕಲ್ ತುಳಿದವನಲ್ಲ. ಇಲ್ಲಿ ಹೋಗುವಾಗಲೂ ಏರು, ಬರುವಾಗಲೂ ಏರು. ಇಳಿಜಾರು ಎಲ್ಲಿ ಅಡಗಿದೆಯೋ ನಾನರಿಯೆ. ಹಾಗಾಗಿ ವಿದ್ಯುತ್ ಸೈಕಲ್ಲೇ ಬೇಕು. ಅದರಲ್ಲೂ ಟ್ರೆಕ್ಕಿಂಗ್ ಸೈಕಲ್ಲು: ಟಾರು ರಸ್ತೆಗೂ ಸೈ, ಕಾಡುದಾರಿಗೂ ಸೈ, ಮಡ್‌ಗಾರ್ಡು, ಕ್ಯಾರಿಯರು, ದೀಪ ಎಲ್ಲ ಇರುವಂಥದ್ದು. ಅದೂ ಹಗುರವಾಗಿರಬೇಕು. ಯಾಕೆಂದರೆ ನಾವಿರುವುದು ನಾಲ್ಕನೇ ಮಹಡಿಯಲ್ಲಿ. ಲಿಫ್ಟಿಲ್ಲ. ಎಪ್ಪತ್ತೆರಡು ಮೆಟ್ಟಿಲು.

"ನೆಲಮಾಳಿಗೇಲಿ ಇಡು," ಎಂದಳು ರೋಸ್ವಿತಾ.

"ಹೋದ ವರ್ಷ ಅಲ್ಲಿಂದ ಎರಡು ಸೈಕಲ್ ಮಾಯ ಆಯ್ತಲ್ಲ!"

"ದೊಡ್ಡ ಬೀಗ ಹಾಕು."

"ಬೀಗ ಎರಡೂವರೆ ಕಿಲೋ ತೂಗತ್ತೆ ಕಣೇ. ಬೀಗ ಇಲ್ಲದ ಸೈಕಲ್ ಹಗುರ."

"ಕಳುವಾದ ಸೈಕಲ್ ಇನ್ನೂ ಹಗುರ," ಎಂದು ಹೇಳಿ ಮೊಟ್ಟೆಯನ್ನು ಬಾಯಿಗೆ ಹಾಕಿಕೊಂಡಳು.

ಅವಳ ಮಾತಿಗೆ ಕಿವಿಗೊಡದೆ ನಾನು ಶಾಸ್ತ್ರಕ್ಕೆ ಶರಣಾದೆ. ಕಂಪ್ಯೂಟರಿನಲ್ಲಿ ನಲವತ್ತಮೂರು ಸೈಕಲ್ಲುಗಳ ಪಟ್ಟಿ ತಯಾರಾಯಿತು. ಒಂದೊಂದಕ್ಕೂ ಇಪ್ಪತ್ತೆರಡು ಕಾಲಂ! ನನ್ನ ಪಕ್ಕದ ಮೇಜಿನ ಆನ್ಸ್‌ಗಾರ್ ಈ ವಿಷಯದಲ್ಲಿ ಪಂಡಿತ. ಅವನು ಮದುವೆಗೂ ಸೈಕಲ್ಲಿನಲ್ಲೇ ಹೋದವನು; ಆ ಮದುವೆ ಹೆಚ್ಚು ದೂರ ಹೋಗಲಿಲ್ಲ, ಅದು ಬೇರೆ ಮಾತು.

"ಮೋಟಾರು ಪೆಡಲ್ ಹತ್ರ ಇರಬೇಕೋ, ಹಿಂದಿನ ಚಕ್ರದಲ್ಲೋ?" ಎಂದು ಕೇಳಿದ.

"ಎಲ್ಲಿದ್ರೇನು, ಓಡಿದ್ರೆ ಸಾಕು."

"ಹಾಗನ್ನೋರೇ ಆಮೇಲೆ ಅಳೋದು. ಚೈನೋ, ಬೆಲ್ಟೋ?"

"ಯಾವುದು ಹಗುರ?"

"ಬೆಲ್ಟು. ಆದ್ರೆ ಬೆಲ್ಟಿಗೆ ಬೇರೆ ಗೇರು ಬೇಕು. ಆ ಗೇರು ಭಾರ."

"ಹಾಗಾದ್ರೆ ಚೈನು."

"ಚೈನಿಗೆ ಎಣ್ಣೆ ಹಾಕ್ತಿರಬೇಕು. ನಿನ್ನ ಪ್ಯಾಂಟಿಗೆ ಮೆತ್ಕೊಳತ್ತೆ. ಫೋಲ್ಕ್‌ಮಾರ್, ನಿನಗಿನ್ನೂ ಸೈಕಲ್ ತಗೊಳ್ಳೋ ವಯಸ್ಸಾಗಿಲ್ಲ ಬಿಡು."

ಐವತ್ತನಾಲ್ಕು ಆಗಿದೆ ನನಗೆ! ಆದರೂ ಅವನ ಮಾತು ಕೇಳಿ ಇನ್ನೂ ನಾಲ್ಕು ಕಾಲಂ ಸೇರಿಸಿದೆ. ಫೆಬ್ರುವರಿ ಮುಗಿಯುವಷ್ಟರಲ್ಲಿ ಪಟ್ಟಿ ಎಷ್ಟು ಉದ್ದವಾಗಿತ್ತೆಂದರೆ, ಅದರ ಕೆಳತುದಿ ತಲುಪುವಷ್ಟರಲ್ಲಿ ಮೇಲ್ತುದಿಯ ಸೈಕಲ್ಲು ಮಾರಾಟವಾಗಿಬಿಟ್ಟಿರುತ್ತಿತ್ತು.

ಕೊನೆಗೆ ಒಂದು ಉಳಿಯಿತು. ಬೂದು ಬಣ್ಣ, ತೂಕ ಹದಿನಾರೂವರೆ ಕಿಲೋ. ಹದಿನಾರೂವರೆ ಕಿಲೋ ಎಂದರೆ ಎಷ್ಟು ಎಂದು ಮೈಗೆ ತಿಳಿಯಬೇಡವೆ? ಅಡುಗೆಮನೆಯ ತಕ್ಕಡಿಯಲ್ಲಿ, ಸ್ನಾನದ ಮನೆಯ ತೂಕದ ಯಂತ್ರದಲ್ಲಿ ಮನೆಯ ಸಾಮಾನನ್ನೆಲ್ಲ ತೂಗಿ ನೋಡಿದೆ. ಹನ್ನೆರಡು ಗಾಜಿನ ಬಾಟಲಿಯ ಸೋಡಾ ನೀರಿನ ಕ್ರೇಟು ಸರಿಸುಮಾರು ಅಷ್ಟೇ ತೂಗಿತು. ಆಹಾ! ಅಂದಿನಿಂದ ಆಫೀಸು ಮುಗಿದ ಮೇಲೆ ಆ ಕ್ರೇಟನ್ನು ಹೊತ್ತು ಮೂರು ಸಲ ಮೇಲೆ, ಮೂರು ಸಲ ಕೆಳಗೆ ಅಭ್ಯಾಸ ಶುರುಮಾಡಿದೆ.

ಮೂರನೇ ದಿನ ಎರಡನೇ ಮಹಡಿಯ ಬ್ರೂಗ್‌ಮನ್ ಅಮ್ಮ ಬಾಗಿಲು ತೆರೆದರು. ಎಪ್ಪತ್ತಾರು ವರ್ಷ, ಒಂದು ಕಾಲದಲ್ಲಿ ಅಂಚೆ ಇಲಾಖೆಯ ವ್ಯಾನು ಓಡಿಸಿದವರು, ಇಡೀ ಕಟ್ಟಡದ ಕಣ್ಣು ಕಿವಿ ಎಲ್ಲವೂ ಅವರೇ. ನನ್ನನ್ನು ಕರೆಯುವುದು ಮನೆತನದ ಹೆಸರಿನಿಂದಲೇ.

"ಶ್ಟೊಟ್ಸೆಲ್ ಅವರೇ, ಅದೇ ನೀರನ್ನ ಮೂರನೇ ಸಲ ಮೇಲಕ್ಕೆ ತಗೊಂಡ್ ಹೋಗ್ತಿದೀರಲ್ಲ?"

"ಇದು ನೀರಲ್ಲಮ್ಮ," ಎಂದೆ ಏದುಸಿರು ಬಿಡುತ್ತ. "ಸೈಕಲ್ಲು."

ಅವರು ಬಹಳ ಮೆತ್ತಗೆ ಕೇಳಿದರು: "ಹೆಂಡ್ತಿ ಮನೇಲಿದಾರಾ?"

ಎಲ್ಲ ವಿವರಿಸಿ ಹೇಳಿದೆ. ಗಮನವಿಟ್ಟು ಕೇಳಿದರು. ಮರುದಿನ ನಾನು ಮೆಟ್ಟಿಲು ಹತ್ತುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ನಿಂತಿದ್ದರು.

"ಹೇಗೂ ಹೊರ್ತೀರಲ್ಲ, ನಂದೂ ಎರಡು ಸೈಕಲ್ ಕೆಳಗಿದೆ. ಗುಳ್ಳೆ ಇಲ್ಲದ್ದು."

ವಾರ ಕಳೆಯುವಷ್ಟರಲ್ಲಿ ಕಟ್ಟಡದ ಐದು ಮನೆಗಳಿಗೆ ನೀರು ಹೊರುವವನು ನಾನೇ ಆಗಿದ್ದೆ. ಸೊಂಟ ಒಂದೊಂದು ಮೆಟ್ಟಿಲಿಗೂ ಒಂದೊಂದು ರಾಗ ಹಾಡತೊಡಗಿತು. ಆದರೂ ಎದೆಯುಬ್ಬಿಸಿಕೊಂಡು ಅಂಗಡಿಗೆ ಹೋದೆ.

ಅಂಗಡಿಯವರ ಹೆಸರು ಕೆಟ್ಟೆಲರ್. ಆ ಹೆಸರಿನ ಮೊದಲೆರಡು ಅಕ್ಷರ ಕಿವಿಗೆ ಬಿದ್ದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು! ಚೊಕ್ಕವಾದ ಹೆಂಗಸು, ಕೈಗೆಲ್ಲ ಗ್ರೀಸು, ಮಾತು ಮಾತ್ರ ತೊಳೆದಿಟ್ಟಷ್ಟು ಸ್ವಚ್ಛ. ಬೂದು ಸೈಕಲ್ಲನ್ನು ನಾನು ಎರಡು ಬೆರಳಲ್ಲಿ ಎತ್ತಿ ನೋಡಿ ಆನಂದಬಾಷ್ಪ ಸುರಿಸುವುದನ್ನು ನೋಡಿ ಕೇಳಿದರು:

"ಸೈಕಲ್ ತೂಕ ನೋಡಿದ್ರಿ. ನಿಮ್ಮ ತೂಕ ಎಷ್ಟು?"

"ಅದ್ಯಾಕೆ?"

"ಹೀಗೆ ಬನ್ನಿ, ನಿಂತ್ಕೊಳ್ಳಿ."

ಮೂಲೆಯಲ್ಲಿ ತೂಕದ ಯಂತ್ರವಿತ್ತು. ನಿಂತೆ. ಬಟ್ಟೆ ಸಮೇತ ನೂರಾ ಐದು.

"ನೀವು ನೂರಾ ಐದು. ಸೈಕಲ್ ಹದಿನಾರೂವರೆ. ನಿಮ್ಮ ಚೀಲ ನಾಲ್ಕು. ಒಟ್ಟು ನೂರಾ ಇಪ್ಪತ್ತೈದೂವರೆ. ಇದು ತನ್ನನ್ನೂ ಸೇರಿಸ್ಕೊಂಡು ತಡೆಯೋದು ನೂರಾ ಇಪ್ಪತ್ತು. ಅಂದ್ರೆ ನಿಮ್ಮಲ್ಲಿ ಐದೂವರೆ ಕಿಲೋ ಹಿಂದೆ ನಡ್ಕೊಂಡು ಬರಬೇಕಾಗತ್ತೆ."

ಪಕ್ಕದಲ್ಲಿ ದಪ್ಪ ಚಕ್ರದ ಕಪ್ಪು ಸೈಕಲ್ಲೊಂದನ್ನು ತೋರಿಸಿದರು. "ಅದು ನೂರೈವತ್ತು ತಡೆಯತ್ತೆ. ಬ್ಯಾಟರಿ ಬಿಚ್ಚಿ ಮೇಲೆ ತಗೊಂಡ್ ಹೋಗಿ ಚಾರ್ಜ್ ಮಾಡ್ಬಹುದು, ಸೈಕಲ್ಲನ್ನ ಕೆಳಗೇ ಬಿಡಬಹುದು. ತೂಕ ಇಪ್ಪತ್ತಾರು."

"ಈ ಹಗುರದ್ದರ ಬ್ಯಾಟರಿ?"

"ಬಿಚ್ಚೋಕಾಗಲ್ಲ. ಒಳಗೇ ಕೂರಿಸಿರ್ತಾರೆ. ಹಗುರ ಆಗಲಿ ಅಂತ."

ತಲೆ ಗಿರ್ರೆಂದಿತು. ಹೊರಬೇಕಲ್ಲ ಎಂದು ಹಗುರದ್ದನ್ನು ಆರಿಸಿದರೆ, ಹಗುರದ್ದಾದ್ದರಿಂದಲೇ ಹೊರಬೇಕು!

"ಕೆಳಗೆ ಬಿಟ್ರೆ ಕಳುವಾಗತ್ತೆ. ಆ ಕಪ್ಪು ಸೈಕಲ್ಲನ್ನ ನನ್ನಿಂದ ಹೊರೋಕಾಗಲ್ಲ," ಎಂದೆ ಕ್ಷೀಣವಾಗಿ.

"ಈ ಬೂದು ಸೈಕಲ್ಲಿಗೆ ನಿಮ್ಮನ್ನ ಹೊರೋಕಾಗಲ್ಲ. ಇಬ್ಬರಲ್ಲಿ ಒಬ್ಬರು ದೊಡ್ಡ ಮನಸ್ಸು ಮಾಡ್ಬೇಕು."

ದೊಡ್ಡ ಮನಸ್ಸು ಮಾಡಿದ್ದು ನಾನು. ದೊಡ್ಡ ಹೊಟ್ಟೆ ಮಾತ್ರ ಒಪ್ಪಲಿಲ್ಲ. ಮಾರ್ಚ್ ತಿಂಗಳಿಡೀ ನನ್ನ ತಟ್ಟೆಯಲ್ಲಿ ನವಿಲುಕೋಸು, ಮೊಸರುಗಡ್ಡೆ, ಮತ್ತೆ ನವಿಲುಕೋಸು. ಅತ್ತ ರೋಸ್ವಿತಾ ಹೊಸ ಕೆಲಸಕ್ಕೆಂದು ಮನೆಯಲ್ಲಿ ತಾಲೀಮು ನಡೆಸುತ್ತಿದ್ದಳು. ಆಲೂಗಡ್ಡೆ ತುರಿದು ಬೇಯಿಸಿದ ರೊಟ್ಟಿ ಒಲೆಯಿಂದ ಹೊರಬರುವಾಗ ಮನೆಯೆಲ್ಲ ಘಮಘಮ!

"ಒಂದು ತುಂಡು ರುಚಿ ನೋಡಿ ಹೇಳು. ಉಪ್ಪು ಸರಿ ಇದೆಯಾ?"

"ವಾಸನೆ ನೋಡಿ ಹೇಳ್ತೀನಿ."

"ವಾಸನೇಲಿ ಉಪ್ಪು ಗೊತ್ತಾಗತ್ತಾ?"

"ಹೊಟ್ಟೆ ಹಸಿದೋನಿಗೆ ಎಲ್ಲಾ ಗೊತ್ತಾಗತ್ತೆ!" ಎಂದು ಅರಚಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಆಫೀಸಿನಲ್ಲೂ ಅದೇ ಗತಿ. ತಮ್ಮ ಹಸಿಕಸದ ಡಬ್ಬಿ ಎರಡು ವಾರದಿಂದ ತುಂಬಿದೆ ಎಂದು ಒಬ್ಬಾಕೆ ಫೋನು ಮಾಡಿ ದೂರಿದಾಗ, "ಏನೇನಿದೆ ಅದರಲ್ಲಿ?" ಎಂದು ಕೇಳುವಷ್ಟು ಅಧೋಗತಿಗೆ ಇಳಿದಿದ್ದೆ. ಇಷ್ಟಾಗಿ ಮೂರು ವಾರದಲ್ಲಿ ಕರಗಿದ್ದು ಎರಡೇ ಕಿಲೋ.

ಆಗ ಒಂದು ಶುಕ್ರವಾರ ಮಧ್ಯಾಹ್ನ, ಆಫೀಸಿನಿಂದ ಬೇಗ ಬಂದವನು ಬೂಟು ಬಿಚ್ಚುತ್ತಿರುವಾಗ, ಅಡುಗೆಮನೆಯಿಂದ ರೋಸ್ವಿತಾ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

"...ಇಲ್ಲ, ನನಗೆ ಕೆಲಸ ಬೇಡ ಅಂತಲ್ಲ. ಮನೇಲಿ ಸ್ವಲ್ಪ ತೊಂದರೆ. ಏಪ್ರಿಲ್ ಬದಲು ಬೇಸಿಗೆ ಮೇಲೆ ಸೇರ್ಕೊಂಡ್ರೆ ಆಗತ್ತಾ ಅಂತ... ಹೌದಾ. ಆಗಲ್ವಾ. ಸರಿ. ಸೋಮವಾರ ಹೇಳ್ತೀನಿ."

ಫೋನು ಇಟ್ಟ ಸದ್ದಾಯಿತು. ಆಮೇಲೆ ಫ್ರಿಜ್ಜಿನ ಬಾಗಿಲು ತೆರೆದ ಸದ್ದಿಲ್ಲ. ಕಾಗದವನ್ನು ಕೀಳುವ ಸದ್ದು ಮಾತ್ರ.

ನಾನು ಒಂದು ಬೂಟಿನಲ್ಲೇ ಒಳಗೆ ಹೋದೆ. ಎರಡು ತಿಂಗಳು ನಲವತ್ತಮೂರು ಸೈಕಲ್ಲು ತೂಗಿದ ಮಹಾಶಯ ನಾನು, ಅವಳ ಮನಸ್ಸಿನ ಭಾರವನ್ನು ಒಂದು ದಿನವೂ ಎತ್ತಿ ನೋಡಿರಲಿಲ್ಲ. ತಪ್ಪು ಅರಿವಾದಾಗ ಗಂಡಸರು ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಸುಳ್ಳು ಹೇಳಿದೆ.

"ಸೈಕಲ್ ತಗೊಂಡಾಯ್ತು ಕಣೇ! ಗುರುವಾರ ಬರತ್ತೆ!"

"ನಿಜವಾಗ್ಲೂ?"

"ನನ್ನ ಮುಖ ನೋಡು."

"ನೋಡ್ತಾ ಇದೀನಿ. ಅದಕ್ಕೇ ಕೇಳಿದ್ದು." ಆದರೂ ಕಾಗದವನ್ನು ಮತ್ತೆ ಅಂಟಿಸಿದಳು.

ಆ ಸುಳ್ಳನ್ನು ನಿಜ ಮಾಡಲು ಉಳಿದದ್ದು ಆರು ದಿನ. ನವಿಲುಕೋಸನ್ನೂ ಬಿಟ್ಟೆ. ಬುಧವಾರ ಕೆಟ್ಟೆಲರ್ ಅವರ ಯಂತ್ರದ ಮೇಲೆ ನಿಂತಾಗ ಕೋಟು ತೆಗೆದೆ, ಬೂಟು ತೆಗೆದೆ, ಬೆಲ್ಟು ತೆಗೆದೆ, ಜೇಬಿನ ಬೀಗದಕೈ ತೆಗೆದೆ.

"ಸಾಕು ಶ್ಟೊಟ್ಸೆಲ್ ಅವರೇ, ಇದು ಅಂಗಡಿ!" ಎಂದರು ಅವರು ಗಾಬರಿಯಿಂದ.

ನೂರಾ ಒಂದೂವರೆ. ಸೈಕಲ್ ಸೇರಿಸಿ ನೂರಾ ಹದಿನೆಂಟು. ಚೀಲಕ್ಕೆ ಉಳಿದದ್ದು ಎರಡು ಕಿಲೋ. ಅದರಲ್ಲಿ ಕೋಟೂ ಬೂಟೂ ಸೇರಿತು!

"ಬುತ್ತಿ ತಗೊಂಡ್ ಹೋಗಬೇಡಿ," ಎಂದು ಕೆಟ್ಟೆಲರ್ ಬೀಗದಕೈಯನ್ನು ವಾಪಸು ಕೊಟ್ಟರು.

ಏಪ್ರಿಲ್ ಒಂದು. ಬೆಳಗ್ಗೆ ಐದೂಕಾಲಿಗೆ ರೋಸ್ವಿತಾ ಬಿಳಿ ಅಂಗಿ ತೊಟ್ಟು ಕಾರಿನಲ್ಲಿ ಹೊರಟಳು. ಆರೂಕಾಲಿಗೆ ನಾನು ಹೊರಟೆ. ಏನು ಹೇಳಲಿ ಆ ಸುಖವನ್ನು! ಮೋಟಾರು ಬೆನ್ನ ಹಿಂದೆ ಕೈಯಿಟ್ಟು ತಳ್ಳಿದಂತೆ ತಳ್ಳಿತು. ಏರು ಬಂದರೆ ಶಕ್ತಿ ಹೆಚ್ಚಿಸುವ ಗುಂಡಿ ಒತ್ತಿದೆ. ಇಳಿಜಾರು ಬಂದರೂ ಒತ್ತಿದೆ. ಏಳಕ್ಕೆ ಹತ್ತು ನಿಮಿಷವಿರುವಾಗಲೇ ಆಫೀಸಿನಲ್ಲಿ ಕೂತು, ಬೈಗುಳವನ್ನು ನಗುನಗುತ್ತ ಸ್ವೀಕರಿಸಿದೆ.

"ಎಷ್ಟರಲ್ಲಿ ಓಡಿಸ್ದೆ?" ಎಂದು ಕೇಳಿದ ಆನ್ಸ್‌ಗಾರ್.

"ಪೂರ್ತಿ ಶಕ್ತೀಲಿ!"

"ಹಗುರದ ಸೈಕಲ್ಲಿಗೆ ಬ್ಯಾಟರೀನೂ ಸಣ್ಣದು ಕಣೋ," ಎಂದ. ಅವನ ಮುಖದಲ್ಲಿ ಅನುಕಂಪವಿತ್ತು. ನಾನದನ್ನು ಹೊಟ್ಟೆಕಿಚ್ಚು ಎಂದುಕೊಂಡೆ.

ಆಫೀಸು ಮುಗಿಸಿ ವಾಪಸು ಬರುವಾಗ ಐದು ಕಿಲೋಮೀಟರಿಗೆ ಬ್ಯಾಟರಿ ಕಣ್ಣು ಮುಚ್ಚಿತು. ಎದುರಿಗೆ ದೊಡ್ಡ ಏರು. ಮೇಲಿನಿಂದ ಮಳೆ. ಹೊಟ್ಟೆಯಲ್ಲಿ ಬೆಳಗಿನಿಂದ ಏನೂ ಇಲ್ಲ. ನಾಲ್ಕು ಕಿಲೋಮೀಟರ್ ಸೈಕಲ್ಲನ್ನು ತಳ್ಳಿಕೊಂಡು ಮನೆ ಮುಟ್ಟಿದಾಗ ನಾನು ಮನುಷ್ಯನಾಗಿರಲಿಲ್ಲ, ನೀರಲ್ಲಿ ನೆನೆಸಿದ ಬ್ರೆಡ್ಡಾಗಿದ್ದೆ. ಮುಂದೆ ಎಪ್ಪತ್ತೆರಡು ಮೆಟ್ಟಿಲು.

ಕ್ರೇಟು ಹೊರುವುದಕ್ಕೂ ಸೈಕಲ್ ಹೊರುವುದಕ್ಕೂ ಒಂದು ವ್ಯತ್ಯಾಸವಿದೆ. ಕ್ರೇಟಿಗೆ ಹ್ಯಾಂಡಲ್ ಬಾರಿಲ್ಲ. ಅದು ತಾನಾಗಿ ತಿರುಗುವುದಿಲ್ಲ. ಅದಕ್ಕೆ ಪೆಡಲ್ಲಿಲ್ಲ. ಎರಡನೇ ಮಹಡಿಗೂ ಮೂರನೆಯದಕ್ಕೂ ನಡುವಿನ ತಿರುವಿನಲ್ಲಿ ಹ್ಯಾಂಡಲ್ಲು ಗಿರಕ್ಕನೆ ತಿರುಗಿ ಕಬ್ಬಿಣದ ಸರಳುಗಳ ನಡುವೆ ಹೊಕ್ಕಿತು. ಬಿಡಿಸಲು ಬಗ್ಗಿದೆ. ಪೆಡಲ್ಲು ನನ್ನ ಪ್ಯಾಂಟಿನ ಜೇಬಿಗೆ ಸಿಕ್ಕಿತು. ಕೀಳಲು ತಿರುಗಿದೆ. ಸೊಂಟದಲ್ಲಿ 'ಛಳಕ್' ಎಂದಿತು.

ಅಷ್ಟೇ! ಮೇಲೂ ಇಲ್ಲ, ಕೆಳಗೂ ಇಲ್ಲ. ಬಿಲ್ಲಿನಂತೆ ಬಾಗಿ, ಮಗುವನ್ನು ತಬ್ಬಿದಂತೆ ಸೈಕಲ್ಲನ್ನು ತಬ್ಬಿ ನಿಂತುಬಿಟ್ಟೆ. ಬಿಟ್ಟರೆ ಅದು ಕೆಳಗೆ ಉರುಳುತ್ತದೆ, ಅದರ ಜೊತೆ ನನ್ನ ಪ್ಯಾಂಟೂ ಹೋಗುತ್ತದೆ. ಫೋನು ಬೆನ್ನಿನ ಚೀಲದಲ್ಲಿ. ಮೂರನೇ ಮಹಡಿಯ ದಂಪತಿ ಬಂದರು, ಚಕ್ರದ ಕೆಳಗೆ ನುಸುಳಿ ಹೋದರು. "ಶುಭ ಸಂಜೆ" ಎಂದು ಹೇಳುವುದನ್ನು ಮರೆಯಲಿಲ್ಲ. ಒಂದು ಕೈ ಹಾಕಬೇಕೆಂದು ಮಾತ್ರ ನೆನಪಾಗಲಿಲ್ಲ.

ಬ್ರೂಗ್‌ಮನ್ ಅಮ್ಮ ಬಂದು ಎಳೆದು ನೋಡಿದರು. ನಾನು ಕಿರುಚಿದ ಮೇಲೆ ಬಿಟ್ಟರು. ಒಳಗೆ ಹೋಗಿ ಒಂದು ದಿಂಬು ತಂದು ನನ್ನ ಹಣೆಗೂ ಗೋಡೆಗೂ ನಡುವೆ ಇಟ್ಟರು, ಟೀ ಮಾಡಿ ತಂದು ಸ್ಟ್ರಾ ಹಾಕಿ ಕುಡಿಸಿದರು. ಆಮೇಲೆ ಮೆಟ್ಟಿಲ ಮೇಲೆ ಕೂತು ತಮ್ಮ ಗಂಡನ ಹರ್ನಿಯಾ ಕತೆ ಶುರುಮಾಡಿದರು.

"ಅವರೂ ಹೀಗೇ. ಬಟ್ಟೆ ಬೀರು ಎತ್ತಕ್ಕೆ ಹೋಗಿ..."

"ಆಮೇಲೆ ಸರಿಹೋದ್ರಾ?"

"ಇಲ್ಲ. ಟೀ ಕುಡೀರಿ."

ಐದೂವರೆಗೆ ಕೆಳಗೆ ಬಾಗಿಲು ತೆರೆಯಿತು. ರೋಸ್ವಿತಾಳ ಹೆಜ್ಜೆ ನನಗೆ ಗೊತ್ತು. ಅಂದು ಎರಡೆರಡು ಮೆಟ್ಟಿಲು ಹಾರುತ್ತಿತ್ತು. ಅವಳ ಮೊದಲ ದಿನ! ಆ ಸಂಭ್ರಮದ ನಡುವೆ ನಾನು, ಈ ಭಂಗಿಯಲ್ಲಿ. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ; ಬಿಟ್ಟಿದ್ದರೂ ಸೈಕಲ್ಲು ಅಡ್ಡ ಸಿಕ್ಕಿ ನಾನು ಒಳಗೆ ಹೋಗುತ್ತಿರಲಿಲ್ಲ.

ಅವಳು ತಿರುವಿನಲ್ಲಿ ನಿಂತು ನೋಡಿದಳು. ಈರುಳ್ಳಿಯ ವಾಸನೆ ಬಂತು.

"ಎಷ್ಟು ಹೊತ್ತಾಯ್ತು?"

"ಒಂದೂಕಾಲು ಗಂಟೆ," ಎಂದರು ಬ್ರೂಗ್‌ಮನ್ ಅಮ್ಮ.

"ನಿನ್ನ ದಿನ ಹೇಗಿತ್ತು?" ಎಂದೆ ನಾನು ದಿಂಬಿಗೆ.

"ಮುನ್ನೂರ ನಲವತ್ತು ಊಟ ಹೋಯ್ತು, ಫೋಲ್ಕ್‌ಮಾರ್," ಎಂದಳು. ಮಾತಾಡುತ್ತಲೇ ನನ್ನ ಜೇಬಿನಿಂದ ಪೆಡಲ್ ಬಿಡಿಸಿದಳು, ಹ್ಯಾಂಡಲ್ ತಿರುಗಿಸಿದಳು, ಸೈಕಲ್ಲನ್ನು ಹೆಗಲಿಗೇರಿಸಿದಳು. "ಮೂರನೇ ವಾರ್ಡಿನಲ್ಲಿ ಒಬ್ಬ ಮುದುಕ ಎರಡನೇ ಸಲ ಸಾರು ಕೇಳಿದ್ನಂತೆ. ನರ್ಸು ಇಳಿದು ಬಂದು ಹೇಳಿದ್ಲು. ನನಗೆ ಅಳುನೇ ಬಂತು." ಹೇಳುತ್ತಲೇ ಮೇಲೆ ಹೋಗಿ ಸೈಕಲ್ಲಿಟ್ಟು ಬಂದಳು. ಉಸಿರೂ ಏರಿರಲಿಲ್ಲ. ನನ್ನ ಕಂಕುಳಿಗೆ ಕೈ ಹಾಕಿದಳು. "ಅಲ್ಲಿನ ಸಾರಿನ ಪಾತ್ರೆ ಮೂವತ್ತು ಕಿಲೋ. ನೀನು ಹೆಜ್ಜೆ ಇಡು, ಮಿಕ್ಕಿದ್ದು ನಾನು ನೋಡ್ಕೋತೀನಿ."

ಎರಡು ತಿಂಗಳಲ್ಲಿ ಅದೇ ಮೊದಲ ಸಲ ನನಗೆ ಸಂತೋಷವಾಯಿತು. ನಲವತ್ತೈದು ಡಿಗ್ರಿ ಬಾಗಿಕೊಂಡೇ ಸಂತೋಷಪಟ್ಟೆ.

ಮರುದಿನ ನನಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಡಾಕ್ಟರ ಹತ್ತಿರ ಹೋಗಬೇಕು, ಅದಕ್ಕೆ ಕಾರು ಬೇಕು. ರೋಸ್ವಿತಾ ಕಾರಿನ ಬೀಗದಕೈಯನ್ನು ಬ್ರೂಗ್‌ಮನ್ ಅಮ್ಮನ ಕೈಗಿತ್ತು, ಒಂದು ದಿನದ ಮಟ್ಟಿಗೆ ಎಂದು ಹೇಳಿ, ಸೀಟು ನಾಲ್ಕು ಬೆರಳು ಇಳಿಸಿ ಸೈಕಲ್ ಹತ್ತಿದಳು. ಡಾಕ್ಟರು ಆರು ವಾರ ಏನನ್ನೂ ಎತ್ತಕೂಡದು, ಕಾರು ಓಡಿಸಕೂಡದು, ಆಫೀಸಿಗೂ ಹೋಗಕೂಡದು ಎಂದರು. ವಾರಕ್ಕೆ ಮೂರು ದಿನ ಸೊಂಟಕ್ಕೆ ಚಿಕಿತ್ಸೆ. ಒಂದು ದಿನದ ಮಟ್ಟಿಗೆ ಎಂದದ್ದು ಎರಡಾಯಿತು, ವಾರವಾಯಿತು. ಅವಳ ತೂಕ ಎಷ್ಟೆಂದು ಇಲ್ಲಿ ಬರೆಯಲಾರೆ, ನನಗಿನ್ನೂ ಬದುಕುವ ಆಸೆಯಿದೆ. ಇಷ್ಟು ಹೇಳಬಲ್ಲೆ: ಅದೇ ಬ್ಯಾಟರಿ ಅವಳಿಗೆ ಮೂರು ದಿನ ಬರುತ್ತದೆ.

ಮೊನ್ನೆ ಮಧ್ಯಾಹ್ನ ಮೂರು ಗಂಟೆಗೆ ಬ್ರೂಗ್‌ಮನ್ ಅಮ್ಮ ನನ್ನನ್ನು ಚಿಕಿತ್ಸೆಗೆ ಕರೆದೊಯ್ಯುತ್ತಿದ್ದರು. ಅಂಚೆ ವ್ಯಾನಿನ ಕಾಲದ ಚಾಲನೆ; ಪ್ರತಿ ತಿರುವಿನಲ್ಲೂ ನನ್ನ ಸೊಂಟಕ್ಕೆ ಒಂದೊಂದು ಮುದ್ರೆ. ಏರಿನ ಮೇಲಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಕಿಟಕಿಯ ಮೇಲೆ ಟಕ್‌ಟಕ್ ಎಂದಿತು. ನೋಡಿದರೆ ರೋಸ್ವಿತಾ! ಕೆನ್ನೆ ಸೇಬಿನಂತೆ ಕೆಂಪಾಗಿತ್ತು, ಹದಿನೆಂಟು ವರ್ಷದ ಹುಡುಗಿಯಂತಿದ್ದಳು. ಅವಳು ಹಾಗೆ ಇದ್ದದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಗಾಜು ಇಳಿಸಿದೆ.

"ಫೋಲ್ಕ್‌ಮಾರ್, ನಿನ್ನ ಶಾಸ್ತ್ರ ಸುಳ್ಳಲ್ಲ ಕಣೋ! ನಲವತ್ತಮೂರರಲ್ಲಿ ಎಂಥಾ ಸೈಕಲ್ ಆರಿಸಿದೀಯ!"

"ಹೌದಾ?" ಎಂದೆ. ಬತ್ತಿದ ಎದೆಯಲ್ಲಿ ಹಳೆಯ ಜಂಬ ಒಂದು ಹನಿ ಜಿನುಗಿತು. "ಭಾರ ಅನ್ನಿಸಲ್ವಾ?"

"ಭಾರ ಇದ್ದದ್ದು ಅದರಲ್ಲಿ ಒಂದೇ ಒಂದು ಭಾಗ," ಎಂದಳು ಪೆಡಲ್ ಮೇಲೆ ಕಾಲಿಡುತ್ತ. "ಅದನ್ನ ಡಾಕ್ಟರು ಬಿಚ್ಚಿಬಿಟ್ರು ನೋಡು, ಈಗ ಗಾಳೀಲಿ ತೇಲಿದಂಗೆ ಹೋಗತ್ತೆ!"

ಹಸಿರು ದೀಪ ಬಿತ್ತು. ಹೋಗಿಯೇಬಿಟ್ಟಳು.